ಸಿಂದಗಿಯ ಕೈಗುಣ

ಸಿಂದಗಿಯ ಕಣ್ಣಿನ ಡಾಕ್ಟರು ತೀರಿಕೊಂಡರು ಎಂಬ ಸುದ್ದಿ ಫೋನಿನಲ್ಲಿ ಬಂದಾಗ ನನ್ನ ತಲೆಗೆ ಮೊದಲು ಹೊಳೆದದ್ದನ್ನು ಹೇಳಿಬಿಡುತ್ತೇನೆ, ಆಮೇಲೆ ನೀವು ನನ್ನನ್ನು ಏನು ಬೇಕಾದರೂ ಅನ್ನಿ. ಇನ್ನಾದರೂ ಇಂಡಿ ಬಸ್‌ಸ್ಟ್ಯಾಂಡಿನಲ್ಲಿ ಕಣ್ಣುಬೇನೆಯ ಜನ ಇಳಿದ ಕೂಡಲೇ ಸಿಂದಗಿ ಬಸ್ಸು ಎಲ್ಲಿ ನಿಲ್ಲುತ್ತದೆ ಎಂದು ಕೇಳುವುದನ್ನು ಬಿಡುತ್ತಾರೇನೋ ಅಂದುಕೊಂಡೆ. ಅಯ್ಯೋ ಪಾಪ ಅನ್ನುವುದು ಅದಾದ ಮೇಲೆ ಬಂತು. ಸಂಕಟವೂ ಬಂತು, ಸುಳ್ಳೇನಲ್ಲ. ಆದರೆ ಮೊದಲು ಬಂದದ್ದು ಅದಲ್ಲ.

ಹೊಟ್ಟೆಕಿಚ್ಚು. ಇದಕ್ಕೆ ಬೇರೆ ಚಂದದ ಪದ ಹುಡುಕುವುದು ಬೇಡ. ಒಂದೇ ಕಸುಬಿನವರ ನಡುವೆ ಇರುವಂಥದ್ದೇ ಅಂದುಕೊಂಡು ಸುಮ್ಮನಿರಬಹುದಿತ್ತು. ಆದರೆ ಈ ಕಿಚ್ಚು ದವಾಖಾನೆಯ ಹೊಸ್ತಿಲು ದಾಟಿ ನನ್ನ ಮನೆಯೊಳಗೇ ಬಂದು ಕೂತಿತು. ನನ್ನ ಹೆಂಡತಿಗೆ ಉಳಿದಿರುವುದು ಒಂದೇ ಕಣ್ಣು. ಅದೂ ಉಳಿಯುತ್ತದೋ ಹೋಗುತ್ತದೋ ಅನ್ನುವ ಹೊತ್ತು ಬಂದಾಗ, ಕಣ್ಣಿನ ಡಾಕ್ಟರಾದ ಗಂಡ ಎದುರಿಗೇ ಕೂತಿದ್ದರೂ, ಆಕೆಯ ಬಾಯಲ್ಲಿ ಬಂದದ್ದು ಸಿಂದಗಿಯ ಹೆಸರು!

ಅವರು ತಾಳಿಕೋಟೆಯವರು, ದವಾಖಾನೆ ಇಟ್ಟದ್ದು ಸಿಂದಗಿಯಲ್ಲಿ. ವಾರಕ್ಕೊಮ್ಮೆ ಮುದ್ದೇಬಿಹಾಳಕ್ಕೆ ಹೋಗಿ ಕೂತು ನೋಡುತ್ತಿದ್ದರು. ನನ್ನದು ಇಂಡಿ, ನಡುನಡುವೆ ಬಸವನ ಬಾಗೇವಾಡಿ. ದೊಡ್ಡ ಆಪರೇಷನ್‌ಗಳನ್ನು ಇಬ್ಬರೂ ವಿಜಯಪುರದ ಒಂದೇ ಆಸ್ಪತ್ರೆಯಲ್ಲಿ ಮಾಡುತ್ತಿದ್ದೆವು. ವಯಸ್ಸಿನಲ್ಲಿ ನನಗಿಂತ ದೊಡ್ಡವರು. ನಾನು ಅವರಿಗೆ ಸರ್ ಅನ್ನುತ್ತಿದ್ದೆ, ಅವರು ನನಗೆ ತಮ್ಮಾ ಅನ್ನುತ್ತಿದ್ದರು. ಆ ತಮ್ಮಾ ಎಂಬ ಶಬ್ದದಲ್ಲಿ ಪ್ರೀತಿ ಇತ್ತು. ಇದ್ದದ್ದಕ್ಕೇ ನನಗೆ ಮೈ ಉರಿಯುತ್ತಿತ್ತು.

ಅವರ ಕೈ ನೋಡಿದವರು ಯಾರೂ ಕಣ್ಣಿನ ಡಾಕ್ಟರ ಕೈ ಅನ್ನುತ್ತಿರಲಿಲ್ಲ. ದಪ್ಪ ಬೆರಳು, ಗಂಟುಗಂಟು ಗೆಣ್ಣು, ರೋಮ ಬೇರೆ. ನನ್ನ ಬೆರಳುಗಳೋ, ನಾನೇ ಹೇಳಿಕೊಳ್ಳಬೇಕು, ಉದ್ದ, ಸಪೂರ, ಕಲಿಸಿದ ಗುರುಗಳೇ ಹೊಗಳಿದ್ದು. ಇಷ್ಟಾದರೂ ಕೈಗುಣ ಇರುವುದು ಆ ದಪ್ಪ ಬೆರಳುಗಳಲ್ಲಿ ಎಂದು ಜನ ತೀರ್ಮಾನಿಸಿಬಿಟ್ಟಿದ್ದರು. ನಮ್ಮ ಕಡೆ ಡಾಕ್ಟರು ಎಲ್ಲಿ ಓದಿದ, ಎಷ್ಟು ಓದಿದ ಎಂದು ಯಾರೂ ಕೇಳುವುದಿಲ್ಲ. "ಕೈಗುಣ ಹೆಂಗೈತಿ?" ಅಷ್ಟೇ ಕೇಳುವುದು. ಅದು ಒಬ್ಬರಿಗೆ ಇದೆ ಅಂದರೆ ಇದೆ, ಇಲ್ಲ ಅಂದರೆ ಇಲ್ಲ. ಮೇಲ್ಮನವಿ ಹಾಕಿಕೊಳ್ಳಲು ಕೋರ್ಟಿಲ್ಲ.

ಲಿಂಬೆಹಣ್ಣಿನ ವಿಷಯ ಹೇಳದೆ ಮುಂದೆ ಹೋದರೆ ನನ್ನ ಹೊಟ್ಟೆ ತಣ್ಣಗಾಗುವುದಿಲ್ಲ. ಇಂಡಿ ಅಂದರೆ ಲಿಂಬಿ. ನಮ್ಮ ತಾಲ್ಲೂಕಿನ ತೋಟದ ರೈತರು ನನ್ನ ದವಾಖಾನೆಯ ಬಾಗಿಲ ಮುಂದಿನಿಂದಲೇ ಲಿಂಬಿಯ ಚೀಲ ಹೊತ್ತುಕೊಂಡು ಹೋಗಿ, ಸಿಂದಗಿ ಬಸ್ಸು ಹತ್ತಿ, ಅವರ ಮನೆಯ ಪಡಸಾಲೆಯಲ್ಲಿ ಸುರಿದು ಬರುತ್ತಿದ್ದರು. ನಾನು ಇಂಡಿಯಲ್ಲೇ ಇದ್ದು ಸಂತೆಯಲ್ಲಿ ಲಿಂಬಿ ಕೊಂಡು ತರುತ್ತಿದ್ದೆ. ಒಮ್ಮೆ ಅವರೇ ಒಂದು ಚೀಲ ತಂದು ನನ್ನ ಕಾರಿನಲ್ಲಿ ಇಟ್ಟರು. "ಉಪ್ಪಿನಕಾಯಿ ಹಾಕಸೋ ತಮ್ಮಾ, ನಮ್ಮನ್ಯಾಗ ಇಡಾಕ ಜಾಗಾ ಇಲ್ಲ," ಅಂದರು. ನಮ್ಮೂರ ಲಿಂಬಿ, ಅವರ ಕೈಯಿಂದ! ಆ ಉಪ್ಪಿನಕಾಯಿಯನ್ನು ಮನೆಯವರೆಲ್ಲ ಚಪ್ಪರಿಸಿ ತಿಂದರು. ನಾನು ಮುಟ್ಟಲಿಲ್ಲ.

ನಮ್ಮಿಬ್ಬರ ಕೆಲಸ ಏನಿತ್ತು ಎಂಬುದನ್ನು ಸ್ವಲ್ಪ ಹೇಳಬೇಕು. ಕಣ್ಣಿನೊಳಗೆ ಸದಾ ಒಂದು ನೀರು ಹುಟ್ಟುತ್ತಿರುತ್ತದೆ, ಹರಿದು ಹೋಗುತ್ತಿರುತ್ತದೆ. ಹೋಗುವ ದಾರಿ ಕಟ್ಟಿಕೊಂಡರೆ ಒತ್ತಡ ಏರುತ್ತದೆ, ಹಿಂದಿನ ನರ ಸಾಯುತ್ತದೆ. ಸತ್ತ ನರಕ್ಕೆ ಮತ್ತೆ ಜೀವವಿಲ್ಲ. ಇದು ಗ್ಲಾಕೋಮಾ, ನಮ್ಮ ಜನ ಕಣ್ಣಿನ ಬಿಪಿ ಅನ್ನುತ್ತಾರೆ. ಹನಿ ಹಾಕಿ ನೋಡುತ್ತೇವೆ, ಸಣ್ಣ ಆಪರೇಷನ್ ಮಾಡಿ ನೋಡುತ್ತೇವೆ. ಯಾವುದಕ್ಕೂ ಬಗ್ಗದಿದ್ದರೆ ಶಾವಿಗೆ ಎಳೆಯಂಥ ಒಂದು ನಳಿಗೆಯನ್ನು ಕಣ್ಣೊಳಗೆ ಇಳಿಸಿ, ಅದರ ಇನ್ನೊಂದು ತುದಿಗಿರುವ ಬಿಲ್ಲೆಯನ್ನು ಬಿಳಿಗುಡ್ಡೆಯ ಮೇಲೆ, ತೆಳುಪೊರೆಯ ಕೆಳಗೆ ಹೊಲಿದು ಕೂರಿಸುತ್ತೇವೆ. ಒಳಗಿನ ನೀರು ನಳಿಗೆಯಿಂದ ಬಸಿದು ಹೋಗುತ್ತದೆ. ಕೇಳಲು ಸರಳ. ನೀರು ಜಾಸ್ತಿ ಬಸಿದರೆ ಕಣ್ಣು ಕುಸಿಯುತ್ತದೆ, ಕಡಿಮೆಯಾದರೆ ಮಾಡಿದ್ದೆಲ್ಲ ನೀರಲ್ಲಿ ಹೋಮ.

ಇದನ್ನು ರೋಗಿಗಳಿಗೆ ತಿಳಿಸಿ ಹೇಳಲು ನಾನು ಹುಬ್ಬಳ್ಳಿಯಿಂದ ಪ್ಲಾಸ್ಟಿಕ್ಕಿನ ಕಣ್ಣು ತರಿಸಿದ್ದೆ, ಬಿಚ್ಚಿ ಜೋಡಿಸಬಹುದಾದ್ದು. ಅದನ್ನು ಬಿಚ್ಚಿದ ಕೂಡಲೇ ಮುದುಕಿಯರು ಮುಖ ತಿರುಗಿಸುತ್ತಿದ್ದರು. ಅವರೋ, ಮುದ್ದೇಬಿಹಾಳ ಕಡೆಯ ನೀರಾವರಿ ರೈತನೊಬ್ಬನನ್ನು ಬೆಂಚಿನ ಮೇಲೆ ಪಕ್ಕಕ್ಕೆ ಕೂರಿಸಿಕೊಂಡು ಮಾತಾಡಿದ್ದನ್ನು ನಾನೇ ಕೇಳಿದ್ದೇನೆ.

"ಯಜಮಾನ್ರ, ಹೊಲದಾಗ ನೀರ ನಿಂತ್ರ ಏನ ಮಾಡ್ತೀರಿ?"

"ಬಸಿಗಾಲವಿ ಹೊಡೀತೇವ್ರಿ."

"ಬಸಿಗಾಲವಿ ಭಾಳ ಆಳ ಆತಂದ್ರ?"

"ಹೊಲಾ ಒಣಗತೈತ್ರಿ."

"ಮುಚಗೊಂಡ್ರ?"

"ಮತ್ತ ನೀರ ನಿಂದರತೈತ್ರಿ."

"ಮುಗೀತು. ನೀವ ಡಾಕ್ಟರ್ ಆದ್ರಿ, ನಾ ಮನಿಗಿ ಹೋಗ್ತೇನಿ!"

ರೈತ ನಗುತ್ತ ಎದ್ದು ಹೋಗಿ ಆಪರೇಷನ್ನಿನ ಒಪ್ಪಿಗೆ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದ. ನಾನು ಆ ಪ್ಲಾಸ್ಟಿಕ್ ಕಣ್ಣನ್ನು ಆ ವಾರವೇ ಕಪಾಟಿನೊಳಗೆ ಇಟ್ಟೆ.

ಇನ್ನೊಂದು ಇದಕ್ಕಿಂತ ಹೊಟ್ಟೆ ಉರಿಸಿದ್ದು. ನಮ್ಮಲ್ಲಿ ಕಣ್ಣಿಗೆ ಏನೇ ಆಗಲಿ, ಹೆಣ್ಣುಮಕ್ಕಳು ಸೆರಗಿನ ಚುಂಗನ್ನು ಮಡಿಚಿ, ಅದರೊಳಗೆ ಬಾಯಿಂದ ಊದಿ, ಬೆಚ್ಚಗಾದದ್ದನ್ನು ಕಣ್ಣಿಗೆ ಒತ್ತಿ ಶಾಖ ಕೊಡುತ್ತಾರೆ. ತಾಯಿ ಮಗುವಿಗೆ ಕೊಡುತ್ತಾಳೆ, ಸೊಸೆ ಅತ್ತೆಗೆ ಕೊಡುತ್ತಾಳೆ. ಪ್ರೀತಿಯ ಕೆಲಸ, ಬೇಡ ಅನ್ನುವುದು ಹೇಗೆ? ಆದರೆ ನಳಿಗೆ ಹಾಕಿದ ಕಣ್ಣನ್ನು ದಿನಾ ಒತ್ತಿದರೆ ಮೇಲಿನ ತೆಳುಪೊರೆ ಸವೆದು ನಳಿಗೆ ಹೊರಗೆ ಇಣುಕುತ್ತದೆ. ಇಣುಕಿದರೆ ಕೀವಿಗೆ ಬಾಗಿಲು ತೆರೆದ ಹಾಗೆ. ಮಸೂತಿ ಎಂಬ ಊರಿನ ಮುದುಕಿಯೊಬ್ಬಳಿಗೆ ನಾನು ಹಾಕಿದ ನಳಿಗೆ ಹಾಗೇ ಹೊರಗೆ ಬಂತು. ಕೊಟ್ಟವಳು ಮಗಳು, ಮುತುವರ್ಜಿಯಿಂದ, ಬೆಳಿಗ್ಗೆ ಸಂಜೆ. ನಾನು ಬಾಯಿ ಮಾಡಿದೆ. ಮುಟ್ಟಬೇಡಿ ಅಂತ ನೂರು ಸಲ ಹೇಳಿದ್ದೆನಲ್ಲ ಅಂದೆ. ಮಗಳು ಗೊಳೋ ಎಂದು ಅತ್ತು, ಹೊರಗೆ ಹೋಗಿ, "ಸಿಂದಗಿ ಡಾಕ್ಟರ ಮಾಡಿದ್ರ ಹಿಂಗ ಆಗ್ತಿದ್ದಿಲ್ಲ," ಅಂದಳು. ನನ್ನ ಕಿವಿಗೆ ಬೀಳುವಷ್ಟು ಗಟ್ಟಿಯಾಗಿಯೇ ಅಂದಳು.

ಸಿಂದಗಿ ಡಾಕ್ಟರು ಏನು ಮಾಡುತ್ತಿದ್ದರು ಗೊತ್ತೇ? ಅವರು ಯಾರಿಗೂ ಬೇಡ ಅನ್ನುತ್ತಿರಲಿಲ್ಲ. "ಶಾಖಾ ಕೊಡ್ರಿ ಯವ್ವಾ, ಕೊಡಲೇಬೇಕು. ಆದ್ರ ಕಣ್ಣಿಗೆ ಅಲ್ಲ, ಹಿಂದ ಕುತಗಿಗೆ ಕೊಡ್ರಿ. ಅಲ್ಲಿಂದ ತಾನ ಕಣ್ಣಿಗೆ ಏರತೈತಿ," ಅನ್ನುತ್ತಿದ್ದರು. ಹಸಿ ಸುಳ್ಳು! ಹೆಂಗಸರು ಭಕ್ತಿಯಿಂದ ಸೆರಗು ಊದಿ ಊದಿ ಕುತ್ತಿಗೆಗೆ ಒತ್ತುತ್ತಿದ್ದರು. ಕೊಡುವವರಿಗೂ ಸಮಾಧಾನ, ಕೊಡಿಸಿಕೊಳ್ಳುವವರಿಗೂ ಹಿತ, ಕಣ್ಣಿನ ತಂಟೆಗೆ ಯಾರೂ ಹೋಗುತ್ತಿರಲಿಲ್ಲ. ಈ ಸುಳ್ಳು ನನಗೇಕೆ ಹೊಳೆಯಲಿಲ್ಲ ಎಂದು ಎಷ್ಟೋ ದಿನ ಕೈಕೈ ಹಿಸುಕಿಕೊಂಡೆ. ಕೊನೆಗೆ ನಾಚಿಕೆ ಬಿಟ್ಟು ಬಾಗೇವಾಡಿಯಲ್ಲಿ ನಾನೂ ಅದನ್ನೇ ಹೇಳಿದೆ. ಆ ಹೆಣ್ಣುಮಗಳು ಖುಷಿಯಾಗಿ, "ಹೌದ್ರಿ, ಸಿಂದಗಿ ಡಾಕ್ಟರೂ ಹಿಂಗ ಹೇಳ್ತಾರ," ಅಂದಳು.

ಇಷ್ಟೆಲ್ಲ ಆದರೂ ಒಂದು ಲೆಕ್ಕ ನನಗೆ ಹತ್ತುತ್ತಿರಲಿಲ್ಲ. ಅವರು ಹಾಕಿದ ನಳಿಗೆಗಳಿಗೆ ತೊಂದರೆಯೇ ಆಗುವುದಿಲ್ಲ, ನಾನು ಹಾಕಿದವು ಒಂದಿಲ್ಲೊಂದು ರಗಳೆ ತರುತ್ತವೆ. ಮಾಡುವ ರೀತಿ ಒಂದೇ, ನಳಿಗೆ ಒಂದೇ, ಆಸ್ಪತ್ರೆ ಒಂದೇ. ಹಾಗಾದರೆ ನಿಜವಾಗಿಯೂ ಕೈಗುಣ ಎಂಬುದೊಂದು ಇದೆಯೇನೋ, ದೇವರು ಅದನ್ನು ಹಂಚುವಾಗ ನಾನು ಓದುತ್ತ ಕೂತಿದ್ದೆನೇನೋ ಅನ್ನಿಸತೊಡಗಿತ್ತು.

ಕಣ್ಣು ತೆರೆಸಿದವನು ಸಿಂದಗಿಯ ಒಬ್ಬ ದರ್ಜಿ. ಸಕ್ಕರೆ ಕಾಯಿಲೆಯವನು, ಒತ್ತಡ ಏರಿದ್ದ ಕಣ್ಣಿಗೆ ಆಗಲೇ ಎರಡು ಕಡೆ ಆಪರೇಷನ್ನಿನ ಕತ್ತರಿ ಆಡಿತ್ತು. ಮನೆಯ ಪಕ್ಕದಲ್ಲೇ ಕೈಗುಣದ ಡಾಕ್ಟರನ್ನು ಇಟ್ಟುಕೊಂಡು ಇಂಡಿಗೆ ಯಾಕೆ ಬಂದೆ ಎಂದು ಕೇಳಿದೆ.

"ಅವರ ಕಳಿಸ್ಯಾರ್ರಿ. ನಿನ್ನ ಕಣ್ಣು ನನಗ ಆಗಂಗಿಲ್ಲ, ಇಂಡಿಗಿ ಹೋಗು ಅಂದ್ರು."

ಅವನನ್ನು ಒಳಗೆ ಕೂರಿಸಿ, ಹೊರಗೆ ಕಾಯುತ್ತಿದ್ದವರನ್ನು ನಾನೇ ಹೋಗಿ ವಿಚಾರಿಸಿದೆ. ತಾಳಿಕೋಟೆಯ ಮಗುವನ್ನು ಅವರೇ ಕಳಿಸಿದ್ದು. ಕಣ್ಣೊಳಗೆ ಹಳೆಯ ಉರಿಯೂತ ಇದ್ದ ಮಾಸ್ತರರನ್ನು ಅವರೇ ಕಳಿಸಿದ್ದು. ರಕ್ತ ತೆಳುವಾಗುವ ಗುಳಿಗೆ ನುಂಗುವ ಅಜ್ಜ, ವರ್ಷಗಟ್ಟಲೆ ಹನಿ ಹಾಕಿ ಕಣ್ಣಿನ ಮೇಲ್ಪೊರೆ ಉಳ್ಳಾಗಡ್ಡಿ ಸಿಪ್ಪೆಯಷ್ಟು ತೆಳ್ಳಗಾದ ಹೆಂಗಸು, ಎಲ್ಲ ಅವರು ಕಳಿಸಿದವರೇ. ಯಾವ ಯಾವ ಕಣ್ಣಿನಲ್ಲಿ ನಳಿಗೆ ಹೊರಗೆ ಬರಬಹುದೋ, ಒಳಗೆ ರಕ್ತ ಒಡೆಯಬಹುದೋ, ಕಣ್ಣು ಕುಸಿಯಬಹುದೋ, ಅಂಥ ಕಣ್ಣುಗಳನ್ನೆಲ್ಲ ಆರಿಸಿ ನನ್ನ ಕಡೆ ದಾಟಿಸಿ, ಗಟ್ಟಿ ಕಣ್ಣುಗಳನ್ನು ಅವರು ಇಟ್ಟುಕೊಳ್ಳುತ್ತಿದ್ದರು. ಕೈಗುಣವಂತೆ ಕೈಗುಣ!

ಮುಂದಿನ ಆಪರೇಷನ್ ದಿನ ವಿಜಯಪುರದ ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಅವರನ್ನು ಹಿಡಿದೆ. ಚಹಾದಲ್ಲಿ ಖಾರಿ ಬಿಸ್ಕತ್ತು ಅದ್ದಿಕೊಂಡು ತಿನ್ನುತ್ತಿದ್ದರು.

"ಸರ್, ಖರೇ ಹೇಳ್ರಿ. ಕೆಟ್ಟ ಕಣ್ಣೆಲ್ಲಾ ನನಗ ಕಳಸ್ತೀರಿ, ಛಲೋವು ನೀವ ಇಟಗೋತೀರಿ. ಹೌದಲ್ರಿ?"

"ಹೌದು," ಅಂದರು. ಖಾರಿ ಮುರಿದು ಚಹಾದಲ್ಲಿ ಬಿತ್ತು. ಚಮಚದಿಂದ ಅದನ್ನು ಹುಡುಕತೊಡಗಿದರು.

"ಮತ್ತ ಜನಾ ನನಗ ಕೈಗುಣ ಇಲ್ಲ ಅಂತಾರ!"

"ಅಂತಾರ. ನನ್ನ ಕಿವಿಗೂ ಬಿದ್ದೈತಿ."

"ನೀವ ಏನ ಹೇಳ್ತೀರಿ ಅವರಿಗೆ?"

"ಇಂಡಿ ಡಾಕ್ಟರ ಸಿಟ್ಟಿನ ಮನಷ್ಯಾ, ಬಾಯಿ ಕೆಟ್ಟದು, ಆದ್ರ ಹಿಡದ ಕಣ್ಣ ಬಿಡಂಗಿಲ್ಲ ಅಂತೇನಿ."

ನಾನು ಇನ್ನೂ ಏನೋ ಅನ್ನುವವನಿದ್ದೆ. ಅವರು ಚಮಚ ಕೆಳಗಿಟ್ಟರು. ಬಹಳ ಹಿಂದೆ ಒಬ್ಬ ಹೆಣ್ಣುಮಗಳಿಗೆ ನಳಿಗೆ ಹಾಕುವಾಗ ಟೇಬಲ್ಲಿನ ಮೇಲೇ ಕಣ್ಣೊಳಗೆ ರಕ್ತ ಒಡೆದು, ನೋಡನೋಡುತ್ತಿದ್ದಂತೆ ಕಣ್ಣು ಹೋಯಿತಂತೆ. "ಆಕಿ ಅಳಲಿಲ್ಲೋ ತಮ್ಮಾ. ಆತೇನ್ರಿ ಸಾಹೇಬ್ರ, ಮನಿಗಿ ಹೋಗಲೇನ್ರಿ ಅಂದಳು. ಅವತ್ತಿನಿಂದ ಅಂಥಾ ಕಣ್ಣ ಕಂಡ್ರ ನನ್ನ ಕೈ ನಡಗತಾವ. ನಡಗೂ ಕೈಲೆ ಮಾಡೂದಕಿಂತ ಕಳಸೂದು ಪಾಡ ಅಲ್ಲೇನು?"

"ಹಂಗಂತ ಜನರಿಗೆ ಹೇಳ್ರಿ ಮತ್ತ."

"ಹೇಳಿ ನೋಡೇನಿ. ಎಷ್ಟ ವಿನಯಾ ತೋರಸ್ತಾರ ನೋಡ್ರಿ ದೊಡ್ಡ ಮನಷ್ಯಾರು ಅಂತಾರ. ಇನ್ನೂ ನಾಕ ಮಂದಿ ಜಾಸ್ತಿ ಬರ್ತಾರ."

ಆಗ ನನಗೆ ಅವರ ಮೇಲೆ ಮರುಕ ಬರಬೇಕಿತ್ತು. ಬರಲಿಲ್ಲ. ಕೈ ನಡುಗುತ್ತದೆ ಎಂಬ ಮಾತನ್ನು ಒಂದು ಕಪ್ಪು ಚಹಾದ ಮುಂದೆ ಇಷ್ಟು ಸಲೀಸಾಗಿ ಹೇಳಿಬಿಟ್ಟರಲ್ಲ ಎಂದು ಅದಕ್ಕೂ ಕಿಚ್ಚು. ನನಗೇನು ಭಯವಿರಲಿಲ್ಲವೇ? ಅವರು ಕಳಿಸಿದ ಒಂದೊಂದು ಕಣ್ಣಿಗೂ ನಾನು ಒಳಗೊಳಗೇ ಬೆವರುತ್ತಿದ್ದೆ. ಹೇಳಲು ಬಾಯಿ ಬರಬೇಕಲ್ಲ!

ಇದಾದ ಮೇಲೆಯೇ ನನ್ನ ಹೆಂಡತಿಯ ಕಣ್ಣಿನ ಸರದಿ ಬಂದದ್ದು. ಆಕೆ ಕೌದಿ ಹೊಲಿಯುವವಳು. ಹಳೆ ಸೀರೆಗಳ ತುಂಡು ಜೋಡಿಸಿ ಆಕೆ ಹೊಲಿದ ಕೌದಿ ಹೊದ್ದು ಮಲಗದ ಬಾಣಂತಿ ನಮ್ಮ ಬಳಗದಲ್ಲಿ ಇಲ್ಲ. ಬಲಗಣ್ಣು ಸಕ್ಕರೆ ಕಾಯಿಲೆಗೆ ಮೊದಲೇ ಹೋಗಿತ್ತು. ಎಡಗಣ್ಣಿನ ಮೋತಿಬಿಂದಿನ ಪೊರೆ ತೆಗೆದಾಗಿತ್ತು; ಒತ್ತಡ ಏರಿತೆಂದು ಸೊಲ್ಲಾಪುರದಲ್ಲಿ ಒಂದು ಸಣ್ಣ ಆಪರೇಷನ್ ಆಗಿ ಅದೂ ಮುಚ್ಚಿಕೊಂಡಿತ್ತು. ಹನಿಗಳು ಕೆಲಸ ಮಾಡುತ್ತಿರಲಿಲ್ಲ. ಒಂದು ದಿನ ಕೌದಿಯ ಅಂಚಿನಲ್ಲಿ ಹೊಲಿಗೆ ತಪ್ಪಿದ್ದನ್ನು ನಾನೇ ನೋಡಿದೆ. ಆಕೆಗೆ ಅದು ಕಂಡಿರಲಿಲ್ಲ. ಇನ್ನು ನಳಿಗೆಯೊಂದೇ ದಾರಿ, ಅದೂ ಬೇಗ.

"ಹುಬ್ಬಳ್ಳಿಗೆ ಹೋಗೂಣು," ಅಂದೆ.

"ಸೊಲ್ಲಾಪುರದ್ದ ಸಾಕು, ಇನ್ನ ಗುರ್ತಿಲ್ಲದವರ ಕೈಯಾಗ ಉಳದ ಒಂದ ಕಣ್ಣ ಕೊಡಂಗಿಲ್ಲ. ನನ್ನ ಸಿಂದಗಿ ಅಣ್ಣಾರ ಕಡೆ ಕರಕೊಂಡ ಹೋಗ್ರಿ."

"ಯಾಕ, ನಾ ಸತ್ತೇನೇನು?"

"ಬಿಡ್ತು ಅನ್ರಿ. ನೀವು ಛಲೋ ಮಾಡ್ತೀರಿ, ಯಾರ ಇಲ್ಲ ಅಂದ್ರು? ಆದ್ರ ಕೈಗುಣಾ..." ಎಂದು ಅಲ್ಲಿಗೇ ನಿಲ್ಲಿಸಿ ಸೂಜಿಯ ಕಣ್ಣಿಗೆ ದಾರ ಪೋಣಿಸಲು ಹೆಣಗತೊಡಗಿದಳು. ಆ ಅರ್ಧ ಮಾತು ನನ್ನ ಎದೆಗೆ ನಾಟಿದಷ್ಟು ಬೇರೆ ಯಾವ ಬೈಗುಳವೂ ನಾಟಿಲ್ಲ. ದಾರ ಕಸಿದುಕೊಂಡು ನಾನೇ ಪೋಣಿಸಿ ಕೊಟ್ಟೆ.

ಸಿಂದಗಿಗೆ ಕರೆದುಕೊಂಡು ಹೋದೆ. ಅವರು ದೀಪ ಆರಿಸಿ, ಯಂತ್ರಕ್ಕೆ ಗದ್ದ ಇಡಿಸಿ, ಬಹಳ ಹೊತ್ತು ನೋಡಿದರು. ನನಗೆ ಒಳಗೆ ಆಗಲೇ ಗೊತ್ತಿತ್ತು: ಸಕ್ಕರೆ, ಹಳೆ ಕತ್ತರಿ, ತೆಳು ಪೊರೆ, ಒಂಟಿ ಕಣ್ಣು. ಅವರು ಮುಟ್ಟದ ಕಣ್ಣಿನ ಎಲ್ಲ ಲಕ್ಷಣಗಳೂ ಒಂದೇ ಕಣ್ಣಲ್ಲಿ ಬಂದು ಕೂತಿದ್ದವು. ದೀಪ ಹಾಕಿ, ಕುರ್ಚಿಯನ್ನು ಆಕೆಯ ಹತ್ತಿರ ಎಳೆದುಕೊಂಡರು.

"ತಂಗೀ, ಸುಳ್ಳ ಹೇಳಂಗಿಲ್ಲ. ಇದು ನನ್ನ ಕೈಲೆ ಆಗೂದಲ್ಲ. ಈ ನಾಕ ತಾಲೂಕಿನಾಗ ಇದನ್ನ ಮಾಡೂ ಮನಷ್ಯಾ ಒಬ್ಬನ ಅದಾನ, ಅಂವಾ ಇಲ್ಲೇ ಮಾರಿ ಗಂಟ ಹಾಕ್ಕೊಂಡ ನಿಂತಾನ."

ಇಂಥ ಮಾತು ಅವರ ಬಾಯಿಂದ ಬರಲಿ, ಅದೂ ಈಕೆಯ ಮುಂದೆ ಬರಲಿ ಎಂದು ನಾನು ಎಷ್ಟು ವರ್ಷ ಕಾದಿದ್ದೆ! ಬಂತು. ಬಂದಾಗ ಅದು ಬೇಡವಾಗಿತ್ತು. ಅವರೂ ಹಿಂದೆ ಸರಿದರೆ ಆ ಕಣ್ಣಿಗೂ ಕತ್ತಲೆಗೂ ನಡುವೆ ನಾನೊಬ್ಬನೇ ಉಳಿದೆ ಎಂದಾಯಿತಲ್ಲ.

ಹೆಂಡತಿ ನನ್ನ ಕಡೆ ನೋಡಲೂ ಇಲ್ಲ. "ನೀವ ಬಾಜೂಕ ಇರ್ತೀರಿಲ್ಲೋ ಅಣ್ಣಾ?" ಎಂದಳು.

"ಇರ್ತೇನಿ."

"ಹಂಗಾರ ಮಾಡ್ಲಿ."

ಮಾಡಲಿಯಂತೆ! ಯಾರೋ ಕೆಲಸದವನಿಗೆ ಒಪ್ಪಿಗೆ ಕೊಟ್ಟ ಹಾಗೆ.

ಆಪರೇಷನ್ ದಿನ ಅವರು ಹೇಳಿದ ಹೊತ್ತಿಗಿಂತ ಮೊದಲೇ ಬಂದು, ಸ್ಟೂಲು ಹಾಕಿಕೊಂಡು, ಹಸಿರು ಬಟ್ಟೆಯ ಕೆಳಗೆ ಆಕೆಯ ಕೈ ಹಿಡಿದು ಕೂತರು. ಕಣ್ಣಿಗೆ ಮರಗಟ್ಟುವ ಇಂಜೆಕ್ಷನ್ ಕೊಟ್ಟಿದ್ದೆವು, ಆಕೆಗೆ ಎಚ್ಚರವಿತ್ತು. ನಾನು ತೆಳುಪೊರೆ ಬಿಡಿಸುತ್ತಿದ್ದೇನೆ, ಹಳೆ ಗಾಯದ ಅಂಟಿನಲ್ಲಿ ಅದು ಬಿಡುತ್ತಿಲ್ಲ, ಎಲ್ಲಿ ಹರಿಯುತ್ತದೋ ಎಂದು ನಾನು ಉಸಿರು ಹಿಡಿದಿದ್ದೇನೆ. ಅವರು ತಾಳಿಕೋಟೆಯಲ್ಲಿ ತಮ್ಮ ಸೋದರಮಾವ ಹೊಸ ಸೈಕಲ್ ತಂದು, ಇಳಿಯಲು ಬಾರದೆ, ಊರು ತುಂಬ ಸುತ್ತಿ ಸುತ್ತಿ, ಕಡೆಗೆ ಬಣವೆಗೆ ಹೋಗಿ ಗುದ್ದಿದ ಕತೆ ಹೇಳುತ್ತಿದ್ದಾರೆ.

"ನಗಸಬ್ಯಾಡ್ರಿ ಸರ್, ತಲಿ ಅಳ್ಳಾಡತೈತಿ!" ಎಂದು ಗದರಿದೆ.

"ನೀ ನಿನ್ನ ಕೆಲಸಾ ಮಾಡೋ. ತಂಗೀ, ನಗಬ್ಯಾಡವಾ, ನಿನ್ನ ಗಂಡಗ ಸಿಟ್ಟ ಬಂದೈತಿ," ಎಂದು ಅವರು ಮತ್ತೆ ನಗಿಸಿದರು.

ನಳಿಗೆ ಕೂತಿತು. ನೀರು ಒಮ್ಮೆಲೇ ಬಸಿಯದಿರಲಿ ಎಂದು ಅದಕ್ಕೆ ಕರಗುವ ದಾರ ಕಟ್ಟಿದ್ದೆ. ಕೆಲವು ವಾರ ಎಲ್ಲ ಸರಿ ಇತ್ತು. ದಾರ ಕರಗುವ ಹೊತ್ತಿಗೆ, ಒಂದು ಬೆಳಿಗ್ಗೆ, ಎದ್ದವಳೇ "ಮಂಜು ಬಿದ್ದಂಗ ಕಾಣತೈತ್ರಿ," ಅಂದಳು. ಬೆರಳಿಟ್ಟು ನೋಡಿದರೆ ಕಣ್ಣು ಮೆತ್ತಗೆ. ನೀರು ಬೇಕಾದ್ದಕ್ಕಿಂತ ಹೆಚ್ಚು ಬಸಿದು ಕಣ್ಣು ಕುಸಿಯುತ್ತಿತ್ತು. ವಿಜಯಪುರಕ್ಕೆ ಓಡಿದೆವು. ದಾರಿಯುದ್ದಕ್ಕೂ ಆಕೆ ಕೇಳಿದ್ದು ಒಂದೇ ಮಾತು, "ಅಣ್ಣಾಗ ಫೋನ್ ಮಾಡೀರೇನು?"

ಅಣ್ಣ ಬಂದರು. ಯಂತ್ರದಲ್ಲಿ ಕಣ್ಣಿಟ್ಟು ನೋಡಿದರು. ಎದ್ದಾಗ ಅವರ ಬಣ್ಣವೇ ಇಳಿದಿತ್ತು. ಕಣ್ಣಿನ ಮುಂಭಾಗಕ್ಕೆ ಗಟ್ಟಿಯಾದ ಒಂದು ಮದ್ದು ತುಂಬಿ ಎತ್ತಿ ನಿಲ್ಲಿಸಬೇಕಿತ್ತು. ನಾನೇ ಕೈಯಾರೆ ಮಾಡಬೇಕಾದ್ದನ್ನು ಅವರಿಗೆ ಕೊಡೋಣವೇ, ಗಂಡನ ಕೈ ಎಲ್ಲಿ ತಪ್ಪೀತೋ ಎಂದು ಒಂದು ಗಳಿಗೆ ಅನ್ನಿಸಿ ಸಿರಿಂಜು ಅವರ ಮುಂದೆ ಹಿಡಿದೆ. ಅವರು ಕೈ ಚಾಚಿದರು. ಆ ದಪ್ಪ ಬೆರಳುಗಳು ಗಾಳಿಗೆ ಸಿಕ್ಕ ಎಲೆಯ ಹಾಗೆ ಅಲುಗುತ್ತಿದ್ದವು. ಕ್ಯಾಂಟೀನಿನಲ್ಲಿ ಹೇಳಿದ್ದು ನಿಜವಾಗಿತ್ತು.

"ನೀನ ಮಾಡೋ ತಮ್ಮಾ. ನಾ ಹೊರಗ ಕುಂದರ್ತೇನಿ," ಎಂದು ಹೊರಗೆ ಹೋಗಿ ಬೆಂಚಿನ ಮೇಲೆ ಕಣ್ಣು ಮುಚ್ಚಿ ಕೂತರು. ಅವರು ಮತ್ತೆ ಒಳಗೆ ಬರುವ ಹೊತ್ತಿಗೆ ನಾನು ಮದ್ದು ತುಂಬಿ ಕಣ್ಣನ್ನು ಎತ್ತಿ ನಿಲ್ಲಿಸಿದ್ದೆ. ಒಂದು ವಾರ ಅದರ ಒತ್ತಡ ಏರಿ ಇಳಿದು ಹಟ ಮಾಡಿತು, ಹನಿ ಬದಲಿಸಿ ಬದಲಿಸಿ ನಾನೂ ಹಟ ಹಿಡಿದೆ. ಅವರು ದಿನಾ ಸಿಂದಗಿಯಿಂದ ಬಂದು ಆಕೆಯ ಮಂಚದ ಪಕ್ಕ ಕೂತು ಕತೆ ಹೇಳಿ ಹೋದರು. ಕಡೆಗೆ ಮಂಜು ಸರಿಯಿತು. ಆಕೆ ಮೊದಲು ನೋಡಿ ಗುರುತಿಸಿದ್ದು, ನಾನು ಬೇರೆ ಹೇಳಬೇಕೇ, ಅವರ ಮುಖವನ್ನು.

ಇಂಡಿ ತುಂಬ ಸುದ್ದಿ ಹಬ್ಬಿತು: ಸಿಂದಗಿ ಡಾಕ್ಟರು ಬಂದರು, ಇಂಡಿ ಡಾಕ್ಟರ ಹೆಂಡತಿಯ ಕಣ್ಣು ಉಳಿಯಿತು. ನನ್ನ ಕಾಂಪೌಂಡರನೇ ನನಗೆ ಇದನ್ನು ಹೇಳಿದ. ತಡೆಯಲಾರದೆ ಅವರಲ್ಲಿಗೇ ಹೋಗಿ ಜಗಳ ತೆಗೆದೆ.

"ಆಕಿ ನನ್ನ ಮ್ಯಾಲ ಭರೋಸಾ ಇಟ್ಟು ನಿನ್ನ ಕೈಯಾಗ ಕಣ್ಣ ಕೊಟ್ಟಳು, ನೀ ಉಳಿಸಿದಿ," ಅಂದರು. "ನನಗ ಹೆಸರು, ನಿನಗ ಕೆಲಸಾ. ಹೋಗ್ಲಿ ಬಿಡು."

"ಅದಲಾಬದಲಿ ಮಾಡಕೊಳ್ಳಾಕ ನಾ ತಯಾರ ಅದೇನ್ರಿ."

"ನಾನೂ ತಯಾರ ಅದೇನೋ ತಮ್ಮಾ," ಅಂದರು. ಆ ಮಾತಿಗೆ ಅವರು ನಗಲಿಲ್ಲ. ಎರಡೂ ಕೈಗಳನ್ನು ಮೇಜಿನ ಮೇಲೆ ಇಟ್ಟುಕೊಂಡು ಅವನ್ನೇ ನೋಡುತ್ತ ಕೂತಿದ್ದರು. ನಾನು ಅವರ ಹೆಸರಿಗೆ ಕರುಬಿದಷ್ಟೇ ವರ್ಷ ಅವರು ನನ್ನ ಕೈಗೆ ಕರುಬಿದ್ದರು ಎಂದು ಆಗ ತಿಳಿಯಿತು. ಸಮಾಧಾನ ಆಯಿತೇ ಅಂದರೆ, ಇಲ್ಲ. ಅದನ್ನೂ ಅವರೇ ಮೊದಲು ಹೇಳಿ ದೊಡ್ಡವರಾಗಿಬಿಟ್ಟರಲ್ಲ!

ಅವರು ಹೋದದ್ದು ಎದೆನೋವಿನಿಂದ, ದವಾಖಾನೆಯಲ್ಲೇ, ಕಡೆಯ ರೋಗಿಯನ್ನು ನೋಡಿ ಕಳಿಸಿದ ಮೇಲೆ. ಸಿಂದಗಿಯಲ್ಲಿ ಸಂತಾಪ ಸಭೆ ಇಟ್ಟಿದ್ದರು. ಮುದ್ದೇಬಿಹಾಳ, ಬಾಗೇವಾಡಿ, ತಾಳಿಕೋಟೆ, ನಮ್ಮ ಇಂಡಿ, ಎಲ್ಲ ಕಡೆಯಿಂದ ಜನ. ಎದ್ದವರೆಲ್ಲ ಕೈಗುಣದ ಮಾತನ್ನೇ ಆಡಿದರು. ನನ್ನ ಸರದಿ ಬಂತು. ಇಂಡಿಯಿಂದ ಬರುವಾಗ ದಾರಿಯಲ್ಲಿ ನಾನು ಒಂದು ಭಾಷಣ ಕಟ್ಟಿಕೊಂಡಿದ್ದೆ: ಕಷ್ಟದ ಕಣ್ಣುಗಳೆಲ್ಲ ಎಲ್ಲಿಗೆ ಹೋಗುತ್ತಿದ್ದವು, ಅವನ್ನು ಯಾರು ನೋಡುತ್ತಿದ್ದರು, ಯಾರ ಕೈ ನಡುಗುತ್ತಿತ್ತು, ಯಾರದು ಇಲ್ಲ. ಒಂದು ಸಲ, ಒಂದೇ ಸಲ, ನಾಲ್ಕು ತಾಲ್ಲೂಕಿನ ಜನರೆದುರು ಹೇಳಿಬಿಡಬೇಕು. ಮೈಕಿನ ಮುಂದೆ ನಿಂತೆ. ಎದುರಿನ ಸಾಲಿನಲ್ಲಿ ಸಿಂದಗಿಯ ಆ ದರ್ಜಿ ಕೂತಿದ್ದ, ನಾನು ಉಳಿಸಿದ ಕಣ್ಣಿನಿಂದ ನನ್ನನ್ನು ನೋಡುತ್ತ. ಅವನ ಪಕ್ಕಕ್ಕೆ ಹೆಂಗಸರ ಸಾಲಿನಲ್ಲಿ ನನ್ನ ಹೆಂಡತಿ.

"ಅವರ ಕೈಗುಣ ದೊಡ್ಡದಿತ್ತು," ಎಂದು ಹೇಳಿ ಇಳಿದೆ.

ತಿರುಗಿ ಬರುವಾಗ ಹೊತ್ತು ಇಳಿಯುತ್ತಿತ್ತು. ಸಿಂದಗಿ ದಾಟಿದ ಮೇಲೆ ಪಕ್ಕದಲ್ಲಿ ಬಿಕ್ಕುವ ಸದ್ದು ಕೇಳಿತು. ಸಭೆಯಲ್ಲಿ ತಡೆದುಕೊಂಡದ್ದೆಲ್ಲ ಒಮ್ಮೆಲೇ ಬಂದಿತ್ತು. ನನ್ನ ಹೆಂಡತಿ ಅಳುತ್ತಿದ್ದಳು, ಅಳುತ್ತ ಅಂಗೈಯಿಂದ ಎಡಗಣ್ಣನ್ನು ಗಸಗಸ ಉಜ್ಜುತ್ತಿದ್ದಳು. ಗಾಡಿ ಬದಿಗೆ ಹಾಕಿ ಆಕೆಯ ಕೈ ಹಿಡಿದು ಕೆಳಗಿಳಿಸಿದೆ.

"ಉಜ್ಜಬ್ಯಾಡ ಅಂತ ಎಷ್ಟ ಸಲ ಹೇಳಬೇಕು? ಪೊರಿ ಹರದು ನಳಿಗಿ ಹೊರಗ ಬಂದ್ರ ಮುಗೀತು! ನಾ ಮತ್ತ ಹ್ಯಾಂಗ ಉಳಸ್ಲಿ ಅದನ್ನ?"

ಆಕೆ ಕೈ ಬಿಡಿಸಿಕೊಂಡಳು.

"ಏನೂ ಆಗಂಗಿಲ್ಲ ಬಿಡ್ರಿ," ಅಂದಳು. "ನಮ್ಮ ಅಣ್ಣಾ ಉಳಿಸಿಕೊಟ್ಟ ಕಣ್ಣಿದು."